ಗುಡಿಸಿಟ್ಟ ಮನೆಯ ಪಂಚನಾಮೆ

ಮೇ 15, ಗುರುವಾರ. ಬೆಳಿಗ್ಗೆ

ನಳದಲ್ಲಿ ನೀರು ಬಂತು, ಡ್ರಮ್ ತುಂಬಿಸಿದೆ. ಇವರಿಗೆ ಚಹಾ ಕೊಟ್ಟೆ, ಅಂಬರನಾಥದ ಹೋಟೆಲ್ ಕೆಲಸಕ್ಕೆ ಹೊರಟರು. ದೀಪ ಹಚ್ಚಿ ತಲೆ ಎತ್ತಿದರೆ ಮನೆಗೆ ಮಾಡು ಇಲ್ಲ, ನೀಲಿ ಟರ್ಪಾಲು. ಮೊನ್ನೆಯ ಬಿರುಗಾಳಿ ಇಡೀ ದಿವಾ ಊರಿನಲ್ಲಿ ನಮ್ಮ ಚಾಳನ್ನೇ ಹುಡುಕಿಕೊಂಡು ಬಂದ ಹಾಗೆ ಬಂತು. ತಗಡು ಹಾರಿತು. ಹಾಸಿಗೆ, ಕಪಾಟು, ಅಕ್ಕಿ ಎಲ್ಲ ನೀರುಪಾಲು. ದುರ್ಗಮ್ಮನ ಫೋಟೊ ಮಾತ್ರ ನೆನೆಯಲಿಲ್ಲ. ಅವಳ ದಯೆ.

ಡೊಂಬಿವಲಿಯಿಂದ ದಿಶಾಳ ಫೋನ್. ಮಗಳಿಗೆ ಏಳು ತಿಂಗಳು ತುಂಬಿತು. ಚೊಚ್ಚಲು, ಹೆರಿಗೆ ತವರಿನಲ್ಲೇ ಆಗಬೇಕು. ಅವಳ ಅತ್ತೆ ಹೇಳಿದರಂತೆ — ಮಾಡು ಹಾರಿದ ಮನೆಗೆ ಬಸುರಿಯನ್ನು ಕಳಿಸುವುದು ಹೇಗೆ? ತಪ್ಪಲ್ಲ. ಆದರೂ ಚುಚ್ಚಿತು.

"ಮಮ್ಮಿ, ಟೆನ್ಶನ್ ಮತ್ ಲೋ," ಎಂದು ನನ್ನನ್ನೇ ಸಮಾಧಾನ ಮಾಡಿದಳು ದಿಶಾ. ಅವಳ ದನಿಯೇ ಸಣ್ಣಗಿತ್ತು.

ಹೊಸ ತಗಡು ಹಾಕಿಸಲು ನಮ್ಮ ಕೈಯಲ್ಲಿ ಆಗದು. ಸರಕಾರ ಪರಿಹಾರ ಕೊಡುತ್ತದಂತೆ. ಅದಕ್ಕೆ ತಲಾಠಿ, ಅಂದರೆ ಇಲ್ಲಿಯ ಗ್ರಾಮಲೆಕ್ಕಿಗ, ಬಂದು ನೋಡಿ ಹಾನಿಯ ಪಂಚನಾಮೆ ಬರೆಯಬೇಕು. ನಾಳೆ ಬರುತ್ತಾರೆ.

ಅದೇ ದಿನ, ಸಂಜೆ

ಸರಕಾರದ ಮನುಷ್ಯ ಮನೆಗೆ ಬರುವುದೆಂದರೆ... ಈ ಕೆಸರಿಗೆ? ಹಾಸಿಗೆ ಕಸದ ಗಾಡಿಗೆ ಹಾಕಿದೆ. ಮುರುಟಿದ ತಗಡು, ಉಬ್ಬಿದ ಕಪಾಟು ಗುಜರಿಯವನಿಗೆ ಮಾರಿದೆ. ಗೋಡೆ ಒರೆಸಿದೆ. ಟರ್ಪಾಲು ಕಾಣದಂತೆ ಅಡಿಯಲ್ಲಿ ಹಳೇ ಸೀರೆ ಬಿಗಿದೆ. ಸೊಂಟ ಹಿಡಿದುಹೋಯಿತು. ಆದರೆ ಈಗ ಮನೆ ಮನೆಯ ಹಾಗಿದೆ.

ಪಕ್ಕದ ರೂಮಿನ ಸಾಬವ್ವ, ವಿಜಯಪುರದ ಕಡೆಯವಳು, ಒದ್ದೆ ರಾಶಿಯ ಎದುರು ಹಾಗೆಯೇ ಕುಳಿತಿದ್ದಾಳೆ. ಏನು ಸೋಮಾರಿತನವಪ್ಪ!

ಮೇ 16, ಶುಕ್ರವಾರ

ತಲಾಠಿ ಬಂದರು. ಚಿಕ್ಕ ಪ್ರಾಯ. ರಂಗೋಲಿ ತುಳಿಯಲು ಮನಸ್ಸಾಗದೆಯೋ ಏನೋ, ಹೊಸ್ತಿಲಲ್ಲೇ ನಿಂತರು. ತಲೆ ಎತ್ತಿದರೆ ಅವರಿಗೆ ಕಂಡದ್ದು ಸೀರೆ ಮಾತ್ರ.

"ಮಾವಶಿ, ಅಂದರ್ ಪಾನಿ ಆಯಾ ಥಾ ಕ್ಯಾ?" ಒಳಗೆ ನೀರು ಬಂದಿತ್ತೇ ಎಂದು ಕೇಳಿದರು.

"ಆಯಾ ಥಾ ಸಾಹೇಬ್. ಮೈನೆ ಸಬ್ ಸಾಫ್ ಕಿಯಾ." ಬಂದಿತ್ತು, ಎಲ್ಲ ನಾನೇ ಗುಡಿಸಿ ಒರೆಸಿದೆ ಎಂದೆ.

"ಬಹುತ್ ಅಚ್ಛಾ!"

ಬೆಲ್ಲದ ಅವಲಕ್ಕಿ ಕೊಟ್ಟೆ. ನಿಂತೇ ತಿಂದರು. ಮರಾಠಿಯಲ್ಲಿ ಏನೋ ಬರೆದು, ಸಹಿ ಹಾಕಿಸಿಕೊಂಡು ಸಾಬವ್ವನ ಮನೆಗೆ ಹೋದರು. ಒಳ್ಳೆ ಮನುಷ್ಯ, ಕೆಲಸ ಆಯಿತು ಎಂದುಕೊಂಡೆ.

ಆಮೇಲೆ ಸಾಬವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಚಂಪಕ್ಕಾರ, ನಿಮ್ಮದು ಏನಂತ ಬರಕೊಂಡ್ರು ಗೊತ್ತೈತೇನ್ರಿ? ನುಕ್ಸಾನ ಇಲ್ಲ ಅಂತ! ನನ್ನ ಮುಂದನ ಅಂದ್ರು, ಬಾಜೂ ಮಾವಶೀದು ಏನೂ ಆಗಿಲ್ಲ ಅಂತ. ಸರಕಾರದಾಂವ ಬಂದ್ರ ಬೀಗರು ಬಂದಂಗ ಮಾಡಿದ್ರಲ್ರಿ!"

ಅವರನ್ನು ಹಿಡಿಯಲು ಓಡಿದೆ. ಗಲ್ಲಿಯಲ್ಲಿ ಅವರ ರಿಕ್ಷಾ ಇರಲಿಲ್ಲ.

ಮೇ 21, ಬುಧವಾರ

ಬರೆಯಲು ಕೂತಿಲ್ಲ. ಥಾಣೆ ಶಹರದ ತಹಸೀಲ್ದಾರ್ ಕಚೇರಿಗೆ ಅಲೆದಾಟ. ಲೋಕಲ್‌ನಲ್ಲಿ ನಿಂತೇ ಹೋಗುವುದು, ನಿಂತೇ ಬರುವುದು. ಒಂದು ಕಿಟಕಿಯವರು ಇನ್ನೊಂದಕ್ಕೆ ಕಳಿಸುವುದು. ಹಾನಿಯ ಫೋಟೊ ಇದೆಯಾ? ಇಲ್ಲ. ಮುರಿದ ತಗಡು? ಮಾರಿದೆ. ಯಾಕೆ ಮಾರಿದಿರಿ? ಗಲೀಜು ಕಾಣಬಾರದೆಂದು ಮಾರಿದೆ ಎಂದರೆ ಹಿಂದಿನ ಸಾಲಿನವರು ನಕ್ಕರು.

ಇವತ್ತು ಕಚೇರಿಯ ಒಬ್ಬ ಮೇಡಂ ಕೂರಿಸಿ ಕೇಳಿದರು. ಶುಕ್ರವಾರ ತಲಾಠಿ ಇನ್ನೊಮ್ಮೆ ಬರುತ್ತಾರೆ. ಅದೇ ಕೊನೆಯಂತೆ.

ರಾತ್ರಿ ನಿದ್ದೆ ಇಲ್ಲ. ಗಾಳಿಗೆ ಟರ್ಪಾಲು ಪಟಪಟ ಅಂದರೆ ಎದ್ದು ಕೂರುತ್ತೇನೆ.

ಮೇ 22, ಗುರುವಾರ

ಸಾಬವ್ವನ ಉಪಾಯ — "ನನ್ನ ತೋಯ್ದ ಕೌದಿ, ಮುರದ ಮಂಚ ಒಯ್ದು ನಿಮ್ಮ ಮನ್ಯಾಗ ಒಗೀರಿ. ನನ್ನ ಕೆಲಸ ಆಗೇತಿ."

"ಅದು ಸುಳ್ಳಾಗ್ತದೆ ಸಾಬವ್ವ. ದುರ್ಗಮ್ಮ ಮೇಲಿಂದ ನೋಡ್ತಾಳೆ."

"ನೋಡ್ಲಿ ಬಿಡ್ರಿ. ನಿಮ್ಮ ಮನೀಗೆ ಮ್ಯಾಲ ತಗಡನ ಇಲ್ಲ, ಆಕೀಗೆ ಚಂದಾಗಿ ಕಾಣತೈತಿ!"

ನಗು ತಡೆಯಲಾಗಲಿಲ್ಲ. ಆಮೇಲೆ ಯೋಚನೆ ಹತ್ತಿತು. ಅವಳ ಸಾಮಾನು ಬೇಡ. ಆದರೆ ಮಾಡು ಹೋದದ್ದು ನಿಜವಲ್ಲವೇ? ಮುಚ್ಚಿಟ್ಟವಳು ನಾನು. ಸೀರೆ, ಟರ್ಪಾಲು ಎರಡೂ ತೆಗೆಯುವುದು. ಇದ್ದದ್ದನ್ನು ಇದ್ದ ಹಾಗೆ ನೋಡಲಿ.

ಇವರಿಗೆ ಹೇಳಿದೆ. "ಮಳೆ ಬಂದ್ರೆ ಎಂತ ಮಾಡುದು ಮಾರಾಯ್ತಿ? ಉಳಿದದ್ದೂ ಹೋಗ್ತದೆ."

ಮಳೆಗಾಲವಿಡೀ ನೆನೆಯುವುದಕ್ಕಿಂತ ಒಂದು ದಿನ ನೆನೆಯುವುದು ವಾಸಿ ಎಂದೆ.

ಮೇ 23, ಶುಕ್ರವಾರ. ಹನ್ನೊಂದು ಗಂಟೆ

ಇವರು ರಜೆ ಹಾಕಿ, ಬೈದುಕೊಂಡೇ ಟರ್ಪಾಲು ಇಳಿಸಿದರು. ದುರ್ಗಮ್ಮನ ಫೋಟೊ ಸಾಬವ್ವನ ಮನೆಯಲ್ಲಿಟ್ಟೆ. ಒಳಗೆಲ್ಲ ಬಿಸಿಲು. ತಲಾಠಿ ಹತ್ತು ಗಂಟೆಗೆ ಬರಬೇಕಿತ್ತು. ಫೋನ್ ಮಾಡಿದರೆ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದರು.

ಮುಂಬ್ರಾ ಗುಡ್ಡದ ಕಡೆ ಮೋಡ ಕಟ್ಟುತ್ತಿದೆ.

ಹನ್ನೆರಡು

ಬಿಸಿಲು ಹೋಯಿತು. ಮೊದಲ ಹನಿ ಈ ಪುಟಕ್ಕೇ ಬಿತ್ತು. ಇವರು ಏಣಿ ಹತ್ತಿರ ನಿಂತು ಕೂಗುತ್ತಿದ್ದಾರೆ, "ಹಾಕುದಾ? ಹಾಕುದಾ ಟರ್ಪಾಲು?" ಬೇಡ ಎಂದೆ. ದಿಶಾಳ ಫೋನ್ ಹೊಡೆದುಕೊಳ್ಳುತ್ತಿದೆ. ಎತ್ತಲಿಲ್ಲ.

ಜೋರಾಯಿತು. ಒಲೆ ನೆನೆಯಿತು. ನೆಲದಲ್ಲಿ ನೀರು ನಿಲ್ಲುತ್ತಿದೆ. ಪುಸ್ತಕವನ್ನು ಸೆರಗಿನಡಿ ಹಿಡಿದು ಬರೆಯುತ್ತಿದ್ದೇನೆ. ಇಲ್ಲವಾದರೆ ಸುಮ್ಮನೆ ಕೂರಲಾಗುವುದಿಲ್ಲ.

ಗಲ್ಲಿಯ ತುದಿಯಲ್ಲಿ ರಿಕ್ಷಾ. ಅವರೇ. ಪ್ಯಾಂಟು ಮಡಚಿಕೊಂಡು ಬರುತ್ತಿದ್ದಾರೆ. ಹೊಸ್ತಿಲ ಹತ್ತಿರ ಎಷ್ಟು ಕೆಸರು... ಕೈ ತಾನಾಗಿ ಗುಡಿಸುವ ಹಿಡಿಸೂಡಿಯ ಕಡೆಗೆ ಹೋಗುತ್ತಿದೆ. ದುರ್ಗಮ್ಮಾ, ಇವತ್ತೊಂದು ದಿನ ಈ ಕೈಯನ್ನು ಹಿಡಿದುಕೋ —