ಬಾವಿಯ ನಂತರದ ಸಾಲು

ತೋಡೂರು, ಕಾರವಾರ ತಾಲೂಕು
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ತಮ್ಮ ಉಮೇಶನಿಗೆ ನಿನ್ನ ಅಕ್ಕ ಕುಸುಮಾ ಮಾಡುವ ಆಶೀರ್ವಾದ.

ಬೆನ್ನುನೋವು ಹೇಗಿದೆ? ಕ್ರೇನಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡು ಕೂರುತ್ತೇನೆ ಎಂದಿದ್ದೆಯಲ್ಲ, ಅದರಿಂದ ಏನಾದರೂ ಸುಖವಾಯಿತೇ? ಮಸ್ಕತ್ತಿನಲ್ಲಿ ಈಗ ಬಿಸಿಲು ಇಳಿದಿರಬೇಕು. ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ರೊಟ್ಟಿ ತಿಂದು ಮಲಗಬೇಡ. ನೆರೆಮನೆಯ ಅಶೋಕ ಭಾನುವಾರ ಗೋವಾದಲ್ಲಿ ವಿಮಾನ ಹತ್ತುತ್ತಾನೆ, ಅವನ ಕೈಯಲ್ಲಿ ಒಣ ಸಿಗಡಿ, ಮುರುಗಲು ಸಿಪ್ಪೆ, ಅಂಕೋಲೆ ಪೇಟೆಯ ಗೋಡಂಬಿ ಕಳಿಸಿದ್ದೇನೆ. ಸಿಗಡಿಯನ್ನು ಮೂರು ಪದರ ಕಟ್ಟಿದ್ದೇನೆ, ಆದರೂ ನಿನ್ನ ಕೋಣೆಯವರು ಮೂಗು ಮುಚ್ಚಿಕೊಂಡರೆ ಸಿಟ್ಟಾಗಬೇಡ. ನಾವೆಲ್ಲ ಆರೋಗ್ಯ. ನಿನ್ನ ಭಾವ ಮಂಜು ಎಂದಿನಂತೆ ಗೂಡ್ಸ್ ರಿಕ್ಷಾ ಓಡಿಸಿಕೊಂಡಿದ್ದಾರೆ. ಮಗಳು ಭವ್ಯಾ ಅಂಕೋಲೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ದುರ್ಗಿ ಚಿಕ್ಕಿಯ ವಿಷಯ ಮುಂದೆ ಬರೆಯುತ್ತೇನೆ. ದಿನಾ ವಿಡಿಯೊ ಕಾಲ್ ಮಾಡುವ ಅಕ್ಕ ಈಗೇಕೆ ಕಾಗದ ಬರೆದಳು ಎಂದು ನಗುತ್ತಿರಬೇಕು ನೀನು. ನಗು. ಈ ಸಂಗತಿಯನ್ನು ಫೋನಿನಲ್ಲಿ ಹೇಳಲು ನನಗೆ ಧೈರ್ಯವಿಲ್ಲ.

ಅವ್ವಿಯ ಹಾಡಿನ ವಿಡಿಯೊ ಕಾಣುತ್ತಿಲ್ಲ ಎಂದಷ್ಟೇ ನಿನಗೆ ಹೇಳಿದ್ದೆ. ಆ ದಿನ ನಡೆದದ್ದನ್ನು ಸರಿಯಾಗಿ ಹೇಳಿರಲಿಲ್ಲ. ಪಿತೃಪಕ್ಷದಲ್ಲಿ ಅವ್ವಿಯ ಹೆಸರಲ್ಲಿ ಎಡೆ ಇಟ್ಟು, ಎಲ್ಲರೂ ಊಟ ಮುಗಿಸಿ, ನಡುಮಧ್ಯಾಹ್ನ ಟಿವಿಯ ಮುಂದೆ ಕೂತಿದ್ದೆವು. ಅವ್ವಿ ಹೋದ ನಾಲ್ಕು ವರ್ಷಗಳಿಂದಲೂ ಇದೇ ರೂಢಿ, ನಿನಗೆ ಗೊತ್ತೇ ಇದೆ. ನೀನು ಎಂಟು ವರ್ಷದ ಹಿಂದೆ ಈ ಜಗಲಿಯಲ್ಲೇ ತೆಗೆದು ನೆಟ್ಟಿಗೆ ಹಾಕಿದ ವಿಡಿಯೊ ಅದು. ನಮ್ಮ ಮೂಡಬೇಣದ ಹಾಡು. ನೌಕಾನೆಲೆಗೆ ಊರನ್ನು ಬಿಟ್ಟುಕೊಟ್ಟು ನಾವೆಲ್ಲ ಈ ಕಾಲೊನಿಗೆ ಬಂದ ಮೇಲೆ ಆ ಊರು ಉಳಿದದ್ದು ಅವ್ವಿಯ ಬಾಯಲ್ಲಿ ಮಾತ್ರ. ಸಮುದ್ರದ ದಂಡೆಯಿಂದ ಗುಡ್ಡದ ದೇವರ ತನಕ, ಒಂದೊಂದು ಗದ್ದೆ, ಒಂದೊಂದು ಮರ, ಒಂದೊಂದು ಕಲ್ಲನ್ನು ಹೆಸರು ಹಿಡಿದು ಕರೆಯುವ ನಾಟಿಯ ಹಾಡು. ಭವ್ಯಾ ಫೋನನ್ನು ಟಿವಿಗೆ ಜೋಡಿಸಿದಳು. ಅವ್ವಿ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂತು. ಸರ್ಕಾರದ ಆದೇಶದ ಮೇರೆಗೆ ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಭವ್ಯಾ ಕನ್ನಡದಲ್ಲಿ ಓದಿ ಹೇಳಿದಳು. ತನ್ನಕ್ಕನ ಮುಖ ನೋಡಲೆಂದೇ ಅಮದಳ್ಳಿಯಿಂದ ಬಂದಿದ್ದ ದುರ್ಗಿ ಚಿಕ್ಕಿ ಮುಂದೆ ಬಗ್ಗಿ ಟಿವಿಯನ್ನೇ ನೋಡುತ್ತಾ ಕೇಳಿದಳು, “ಯಾರ ಆದೇಶನೇ ತಂಗಿ? ನಮ್ಮಕ್ಕ ಯಾರಿಗೆ ಎಂತ ಮಾಡಿದ್ಲು?” ಆ ಕಪ್ಪು ಪರದೆಯಲ್ಲಿ ನಮ್ಮೆಲ್ಲರ ಮುಖಗಳು ಸಾಲಾಗಿ ಕಾಣುತ್ತಿದ್ದವು. ಭವ್ಯಾ ಬೇಗ ಬೇಗ ಟಿವಿ ಆರಿಸಿದಳು.

ಅದೇ ಸಂಜೆ ನೀನು ಕರೆ ಮಾಡಿ, ನನಗೆ ಇಲ್ಲಿ ಕಾಣುತ್ತಿದೆ ಅಕ್ಕಾ ಎಂದೆ. ನಿನ್ನ ಗೆಳೆಯನ ಫೋನಿನಲ್ಲಿ ಅವ್ವಿಯನ್ನು ಹಾಡಿಸಿ, ಅದನ್ನು ನಿನ್ನ ಫೋನಿನ ಕ್ಯಾಮೆರಾಕ್ಕೆ ಹಿಡಿದೆಯಲ್ಲ, ನೆನಪಿದೆಯೇ? ನಾನು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನೋಡಿದೆ. ‘ಹಾಸುಗಲ್ಲು ದಾಟಿ ಹನ್ನೆರಡು ಮಾರು, ಹೊನ್ನೆಯ ಬುಡಕೆ ಸಿಹಿನೀರ ಬಾವಿ’ ಎನ್ನುವಲ್ಲಿಗೆ ಕರೆ ಕಡಿಯಿತು. ಮತ್ತೆ ಮಾಡಿದೆ, ಅದೇ ಬಾವಿಯ ಹತ್ತಿರ ಕಡಿಯಿತು. ಮೂರನೆಯ ಸಲವೂ ಅಲ್ಲಿಯೇ. ನೆಟ್‌ವರ್ಕ್ ಸರಿಯಿಲ್ಲ ಎಂದು ನೀನೂ ಅಂದೆ, ಭಾವನೂ ಅಂದರು. ಇರಬಹುದು. ಆದರೆ ಮರುದಿನದಿಂದ ಊರಿನದೆಲ್ಲ ನೆಟ್ಟಿನಿಂದ ಒಂದೊಂದೇ ಹೋಗತೊಡಗಿದವು. ಹಳೆಯ ಶಾಲೆಯ ಮುಂದೆ ಮಕ್ಕಳೆಲ್ಲ ನಿಂತ ಚಿತ್ರ, ನಮ್ಮೂರ ಬೀರಣ್ಣ ಹಾಕಿದ್ದ ಗುಡ್ಡದ ದೇವರ ಗುಡಿಯ ಫೋಟೊ, ಕಾಲೊನಿಯವರೆಲ್ಲ ಸೇರಿ ಮಾಡಿದ್ದ ಮೂಡಬೇಣದ ಪುಟ. ದೀಪಾವಳಿಯ ಹೊತ್ತಿಗೆ ಭವ್ಯಾ ಊರಿನ ಹೆಸರು ಟೈಪ್ ಮಾಡಿದರೆ ಏನೂ ಸಿಗುತ್ತಿರಲಿಲ್ಲ. ಅಂಥದ್ದೊಂದು ಹೆಸರೇ ಇಲ್ಲವೆಂಬಂತೆ ಬೇರೆ ಯಾವುದೋ ಊರನ್ನು ತೋರಿಸಿ, ನೀವು ಹುಡುಕುತ್ತಿರುವುದು ಇದೇ ಅಲ್ಲವೇ ಎಂದು ಕೇಳುತ್ತಿತ್ತು.

ಉಮೇಶ, ನಿನ್ನ ಹತ್ತಿರ ನಾನು ಒಂದು ಸತ್ಯ ಹೇಳಿಕೊಳ್ಳಬೇಕು. ಈ ಕಾಣದ ಕೈಗೆ ನಾನೇ ಒಮ್ಮೆ ಕೈ ಮುಗಿದವಳು. ಮೇ ತಿಂಗಳಲ್ಲಿ ನಿನ್ನ ಭಾವನಿಗೆ ಆದದ್ದು ನಿನಗೆ ಅರ್ಧ ಮಾತ್ರ ಗೊತ್ತು. ಚಿಕ್ಕಿಯ ಮರಿಮಗಳಿಗೆ ಅಂಕೋಲೆಯಲ್ಲಿ ಹಲ್ಲು ಕೀಳಿಸಿ, ಇಶಾಡು ಮಾವಿನ ಬುಟ್ಟಿಗಳ ಪಕ್ಕದಲ್ಲಿ ಕೂರಿಸಿಕೊಂಡು ಕರೆತರುತ್ತಿದ್ದರು. ಮಗುವಿನ ಬಾಯಲ್ಲಿ ರಕ್ತ, ಕಣ್ಣಲ್ಲಿ ನೀರು. ಯಾರೋ ಹಿಂದಿನ ಕಾರಿನಿಂದ ಅದನ್ನು ತೆಗೆದು, ಮಕ್ಕಳ ಕಳ್ಳ ಹೋಗುತ್ತಿದ್ದಾನೆ ನೋಡಿ ಎಂದು ರಿಕ್ಷಾದ ನಂಬರಿನ ಸಮೇತ ಹಾಕಿಬಿಟ್ಟಿದ್ದರು. ಎರಡು ದಿನದ ಮೇಲೆ ಬಾಳೆಗುಳಿ ಕ್ರಾಸಿನಲ್ಲಿ ಮೂವತ್ತು ನಲವತ್ತು ಜನ ರಿಕ್ಷಾ ಅಡ್ಡಗಟ್ಟಿದರು. ಕೆಳಗೆ ಎಳೆದು ಅಂಗಿ ಹರಿದರು. ಒಬ್ಬ ಕಲ್ಲು ಎತ್ತಿದ್ದನಂತೆ. ಚಹಾ ಅಂಗಡಿಯ ತಿಮ್ಮು ಬಿಸಿ ಕೆಟಲು ಹಿಡಿದುಕೊಂಡೇ ನಡುವೆ ನುಗ್ಗಿ, “ಇಂವ ನಮ್ಮ ಮಂಜು ಮಾರಾಯ್ರೇ, ಇವ್ನ ಕೈಲೇ ನಾ ಹತ್ತು ವರ್ಷ ಹಾಲು ತರ್ಸಿದ್ದೆ” ಎಂದು ಕೂಗಿದ್ದರಿಂದ ಇವರು ಜೀವ ಉಳಿಸಿಕೊಂಡು ಬಂದರು. ಮನೆಗೆ ಬಂದವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಬರೀ ನೀರಿನ ಸದ್ದು ಕೇಳುತ್ತಿತ್ತು. ಆ ವಿಡಿಯೊ ಆಗಲೂ ಓಡುತ್ತಲೇ ಇತ್ತು, ನೋಡಿದವರ ಲೆಕ್ಕ ಏರುತ್ತಲೇ ಇತ್ತು. ಭವ್ಯಾ ಸರ್ಕಾರದ ಯಾವುದೋ ಪುಟ ಹುಡುಕಿ ದೂರು ಬರೆದಳು. ಮರುದಿನ ಬೆಳಿಗ್ಗೆ ಅದು ಎಲ್ಲೂ ಇರಲಿಲ್ಲ. ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಎರಡೇ ಮಾತಿನ ಉತ್ತರ ಬಂದಿತ್ತು. ಯಾರು ತೆಗೆದರು ಎಂದು ನಾನು ಆಗ ಕೇಳಲಿಲ್ಲ. ಫೋನನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದೆ. ನಕ್ಕರೆ ನಗು.

ಹಾಗಾಗಿ ಮನೆಯಲ್ಲಿ ಈಗ ಎರಡು ಪಕ್ಷ. ಭಾವ ಹೇಳುತ್ತಾರೆ, “ಆ ಕೈ ಇಲ್ದಿದ್ರೆ ನೀ ಇವತ್ತು ನಂಗೂ ಎಡೆ ಇಡ್ತಿದ್ದೆ. ಕಾವಲು ಬೇಕು ಅಂದ್ಮೇಲೆ ಕಾವಲಿನವ ಎಲ್ಲಿ ನೋಡ್ತ ಅಂತ ಕೇಳೂಕೆ ಆಗೂದಿಲ್ಲ.” ನನಗೂ ಆ ಮಾತು ಪೂರ್ತಿ ತಪ್ಪು ಎನಿಸುವುದಿಲ್ಲ. ಆದರೆ ಕೇಳಲೇಬಾರದೇ? ಅಕ್ಟೋಬರಿನಲ್ಲಿ ನಾನು ಕಾರವಾರದಲ್ಲಿ ಮೂರು ಕಡೆ ಅಲೆದೆ. ಮೊದಲ ಕಚೇರಿಯವರು ಇದು ನಮ್ಮದಲ್ಲ, ಬೆಂಗಳೂರಿನದು ಎಂದರು. ಬೆಂಗಳೂರಿಗೆ ಫೋನು ಮಾಡಿದರೆ ದೆಹಲಿ ಎಂದರು. ನೌಕಾನೆಲೆಯ ಗೇಟಿಗೇ ಹೋದೆ. ಒಬ್ಬ ಅಧಿಕಾರಿ ಹೊರಗೆ ಬಂದು, ಕುರ್ಚಿ ಕೊಟ್ಟು, ನೀರು ಕೊಟ್ಟು, ನಾವು ಯಾರ ಹಾಡನ್ನೂ ತೆಗೆಯಲು ಹೇಳಿಲ್ಲ ತಾಯಿ ಎಂದರು. ಅವರು ಸುಳ್ಳು ಹೇಳಿದಂತೆ ನನಗೆ ಕಾಣಲಿಲ್ಲ. ಕೊನೆಗೆ, ನಾವೆಲ್ಲ ಸಾಲಿನಲ್ಲಿ ನಿಂತು ಓಟು ಹಾಕಿ ಕಳಿಸಿದವರ ಕಚೇರಿಗೆ ಹೋದೆ. ಅಲ್ಲಿನ ಕಾರ್ಯದರ್ಶಿ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, “ಬಾಯೀ, ಅದ್ಕೊಂದು ಸಮಿತಿ ಉಂಟು. ಅದ್ರಲ್ಲಿ ಯಾರು ಇದ್ರು ಅಂತ ನಮ್ಗೂ ಹೇಳೂದಿಲ್ಲ” ಎಂದರು. ಐದು ವರ್ಷಕ್ಕೊಮ್ಮೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುವವರ ಕಚೇರಿಯಲ್ಲೇ ಹೀಗೆ ಪಿಸುಗುಟ್ಟಿದ್ದು ಕೇಳಿ, ನಡುಹಗಲಿನಲ್ಲಿ ನನ್ನ ತೋಳಿನ ಕೂದಲು ನೆಟ್ಟಗಾಯಿತು.

ಮೊದಲ ಕಚೇರಿಯಲ್ಲಿ ಬರೆದುಕೊಟ್ಟಿದ್ದ ಅರ್ಜಿಗೆ ಹದಿನೈದು ದಿನದ ಮೇಲೆ ಉತ್ತರ ಬಂತು. ಒಂದೇ ಹಾಳೆ. ಸಕ್ಷಮ ಪ್ರಾಧಿಕಾರವು ವಿಷಯವನ್ನು ಪರಿಶೀಲಿಸಿದೆ, ಕಾರಣಗಳು ಗೋಪ್ಯ, ಕ್ರಮ ಕೈಗೊಳ್ಳಲಾಗಿದೆ. ಅದೇ ಎರಡು ಮಾತು. ಕೆಳಗೆ ಹೆಸರಿಲ್ಲ, ಸಹಿಯಿಲ್ಲ, ಇದು ಗಣಕಯಂತ್ರದಲ್ಲಿ ಸಿದ್ಧವಾದ ಪತ್ರ, ಸಹಿಯ ಅಗತ್ಯವಿಲ್ಲ ಎಂದಿತ್ತು. ಊರನ್ನು ಬಿಡಿಸಿದಾಗ ಬಂದ ನೋಟಿಸು ಅವ್ವಿಯ ಟ್ರಂಕಿನಲ್ಲಿ ಇನ್ನೂ ಇದೆ. ಅದರಲ್ಲಿ ಒಬ್ಬ ಮನುಷ್ಯನ ಸಹಿಯಿದೆ. ಅವ್ವಿ ಆ ಸಹಿಯ ಮೇಲೆ ಬೆರಳಿಟ್ಟು ಅವನಿಗೆ ವಾರಕ್ಕೊಮ್ಮೆ ಹಿಡಿಶಾಪ ಹಾಕುತ್ತಿದ್ದಳು. ನಾನು ಯಾರಿಗೆ ಹಾಕಲಿ?

ಇನ್ನು ದುರ್ಗಿ ಚಿಕ್ಕಿಯ ವಿಷಯ. ವಿಡಿಯೊ ಹೋದರೇನು, ಚಿಕ್ಕಿಗೆ ಹಾಡು ಬರುತ್ತದಲ್ಲ, ಅವಳಿಂದಲೇ ಕಲಿಯುತ್ತೇನೆ ಎಂದು ಭವ್ಯಾ ಹಟ ಹಿಡಿದಳು. ಅವ್ವಿಯ ಜೊತೆ ನಲವತ್ತು ವರ್ಷ ದನಿಗೂಡಿಸಿದವಳು ಚಿಕ್ಕಿ. ಮೊನ್ನೆ ಭಾನುವಾರ ಜಗಲಿಯಲ್ಲಿ ಕೂತು ಶುರು ಮಾಡಿದಳು. ದಂಡೆ ಬಂತು, ಹಾಸುಗಲ್ಲು ಬಂತು, ಹೊನ್ನೆಮರ ಬಂತು, ಬಾವಿ ಬಂತು. ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇದೆ, ಮಾತು ಬರುತ್ತಿಲ್ಲ. ಮತ್ತೆ ಮೊದಲಿನಿಂದ ಹಾಡಿದಳು. ಬಾವಿಯ ಹತ್ತಿರ ಬಂದು ಮತ್ತೆ ನಿಂತಳು. ನನ್ನ ಕೈ ಹಿಡಿದು, “ಕುಸುಮೀ, ಅಲ್ಲಿಂದ ಆಚೆ ಎಲ್ಲಾ ಆ ಟಿವಿ ಇತ್ತಲ್ಲಾ, ಹಾಂಗೇ ಕರ್ರಗೆ ಕಾಣ್ತೀತು” ಎಂದಳು. ವಯಸ್ಸಾಯಿತು, ಮರೆವು ಸಹಜ ಎಂದು ಡಾಕ್ಟರರು ಹೇಳಿದರು. ಮೊಮ್ಮಕ್ಕಳ ಹೆಸರೆಲ್ಲ ಅವಳಿಗೆ ನೆನಪಿದೆ. ನಿನ್ನ ನಾಮಕರಣಕ್ಕೆ ಯಾರು ಏನು ತಂದಿದ್ದರು ಎಂಬುದೂ ನೆನಪಿದೆ.

ನಿನ್ನೆ, ಗುರುವಾರ ಬೆಳಿಗ್ಗೆ ಹತ್ತೂವರೆಗೆ ನನಗೊಂದು ಕರೆ ಬಂತು. ನಾನು ಮೀನು ಹೆಚ್ಚುತ್ತಿದ್ದೆ, ಮೊಣಕೈಯಲ್ಲೇ ಒತ್ತಿ ಸ್ಪೀಕರಿಗೆ ಹಾಕಿದೆ. ಹೆಂಗಸಿನ ದನಿ, ಬಹಳ ಮೃದು, ಪಾಠ ಹೇಳುವವರಂಥ ಶುದ್ಧ ಕನ್ನಡ. ಕುಸುಮಾ ಅವರೇ, ನಿಮ್ಮ ಅರ್ಜಿಯ ಬಗ್ಗೆ ಮಾತಾಡುತ್ತಿದ್ದೇನೆ ಎಂದರು. ಯಾವ ಕಚೇರಿ ಎಂದು ಕೇಳಿದರೆ, ಅದು ಮುಖ್ಯವಲ್ಲ ಎಂದರು. ಹೆಸರು ಕೇಳಿದರೂ ಅದೇ ಉತ್ತರ. ನಾನು ಕತ್ತಿ ಕೆಳಗಿಟ್ಟು, ನಿನ್ನಾಣೆ ಉಮೇಶ, ಗೌರವದಿಂದಲೇ ಕೇಳಿದೆ. ನಮ್ಮದು ಗಡಿ ಕಾಯುವವರ ಪಕ್ಕದ ಮನೆ, ಅವರಿಗೆ ತೊಂದರೆಯಾಗುವ ಮಾತು ಹಾಡಿನಲ್ಲಿ ಇದ್ದರೆ ಯಾವ ಸಾಲು ಅಂತ ಹೇಳಿ, ಅಷ್ಟನ್ನು ನಾವೇ ತೆಗೆಯುತ್ತೇವೆ, ಉಳಿದ ಅವ್ವಿಯನ್ನು ನಮಗೆ ಕೊಡಿ ಎಂದೆ. ಆ ದನಿ, ಬಾವಿಯ ನಂತರದ ಸಾಲು ಎಂದಿತು. ಆಮೇಲೆ ನಿಧಾನವಾಗಿ, ಓದಿಕೊಂಡಂತೆ, ಹೇಳಿಯೂಬಿಟ್ಟಿತು: ‘ಬಾವಿಯ ಬೆನ್ನಿಗೆ ಬಳುಕುವ ದಾರಿ, ಇಳಿತ ಬಂದಾಗ ತೆರೆವುದು ಕೋಡಿ.’

ಹೌದು, ಅದೇ ಸಾಲು, ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಇಳಿತದ ಹೊತ್ತಿಗೆ ಅಳಿವೆಯ ಕಡೆ ಒಂದು ದಾರಿ ತೆರೆದುಕೊಳ್ಳುತ್ತಿತ್ತು, ಚಿಕ್ಕವರಿದ್ದಾಗ ನಾವಿಬ್ಬರೂ ಅಲ್ಲಿ ಬೆಳಚಿನ ಚಿಪ್ಪು ಆರಿಸಲು ಹೋಗುತ್ತಿದ್ದೆವು. ಕಾವಲಿನವರಿಗೆ ಅದು ನಿಜಕ್ಕೂ ಚಿಂತೆಯ ಮಾತಿರಬಹುದು, ನಾನು ಒಪ್ಪುತ್ತೇನೆ. ಆದರೆ ಉಮೇಶ, ನೆಟ್ಟಿಗೆ ಹಾಕಿದ ವಿಡಿಯೊದಲ್ಲಿ ಆ ಸಾಲೇ ಇಲ್ಲ! ಬಾವಿ ಎನ್ನುವಲ್ಲಿ ಅವ್ವಿಗೆ ಕೆಮ್ಮು ಬಂದು, ಸಾಕು ಬಿಡಾ ಎಂದು ಕೈ ಅಡ್ಡ ಹಿಡಿದಿದ್ದಳು. ಆಮೇಲೆ ಪೂರ್ತಿ ಹಾಡಿದ್ದು ಒಂದೇ ಸಲ, ಆಸ್ಪತ್ರೆಯ ಹಾಸಿಗೆಯಲ್ಲಿ, ನೀನು ಫೋನಿನಲ್ಲಿ ದನಿ ಮಾತ್ರ ಹಿಡಿದುಕೊಂಡಾಗ. ಆ ಕೋಣೆಯಲ್ಲಿ ನೀನು, ನಾನು, ಅವ್ವಿ ಮೂವರೇ. ನೀನು ಅದನ್ನು ಯಾರಿಗೂ ಕಳಿಸಿಲ್ಲ, ನನಗೂ ಕೊಟ್ಟಿಲ್ಲ, ಕೇಳಿದರೆ ಅಳು ಬರುತ್ತದೆ ಎಂದು ಹಾಗೇ ಇಟ್ಟುಕೊಂಡಿದ್ದೀ. ಇದು ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ನಿಮ್ಮ ತಾಯಿ ಕೊನೆಯವರೆಗೂ ಚೆನ್ನಾಗಿ ಹಾಡಿದರು ಎಂದಿತು ದನಿ. ಕರೆ ಮುಗಿಯಿತು. ಭವ್ಯಾ ಬಂದು ನೋಡಿದರೆ ನಂಬರಿನ ಜಾಗ ಖಾಲಿ. ಬೆಕ್ಕು ಮೀನು ತಿಂದು ಹೋಗಿತ್ತು, ನಾನು ಅಲ್ಲೇ ಕೂತಿದ್ದೆ.

ಅಂಗಿ ಹರಿಸಿಕೊಂಡು ಬಂದ ದಿನವೂ ಹೆದರಿಕೆ ಹೇಳಿಕೊಳ್ಳದ ನಿನ್ನ ಭಾವ, ಇದನ್ನು ಕೇಳಿದ ಮೇಲೆ ತಮ್ಮ ಫೋನನ್ನು ತೆಗೆದು ಅಕ್ಕಿಯ ಡಬ್ಬಿಯೊಳಗೆ ಇಟ್ಟು ಮುಚ್ಚಳ ಒತ್ತಿದರು. ಕಾವಲಿನವನ ಮುಖ ನಾವು ನೋಡಲೇಬೇಕು ಎಂದು ಸಂಜೆ ಅವರೇ ಅಂದರು. ನಾನು ವಾದ ಮಾಡಿ ಗೆದ್ದದ್ದಲ್ಲ.

ಮೈ ಕಡೆ ಗಮನವಿರಲಿ. ಎತ್ತರದಲ್ಲಿ ಕೂತಾಗ ಫೋನು ನೋಡಬೇಡ. ಚಿಕ್ಕಿ ನಿನ್ನ ತಲೆಯ ಮೇಲೆ ಕೈಯಿಟ್ಟಂತೆ ಗಾಳಿಯಲ್ಲೇ ಕೈಯಾಡಿಸಿ ಹರಸಿದ್ದಾಳೆ, ಅದನ್ನು ಇದರೊಳಗೆ ಮಡಚಿ ಕಳಿಸುತ್ತಿದ್ದೇನೆ. ಭವ್ಯಾಳ ನಮಸ್ಕಾರ. ಕಡಲಿನ ಆ ದಡದಲ್ಲೂ ಗುಡ್ಡದ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಕುಸುಮಾ

ತಾ.ಕ.: ಅಶೋಕ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಧಾರವಾಡದ ಹೈಕೋರ್ಟಿನಲ್ಲಿ ಅರ್ಜಿ ಹಾಕಲು ವಕೀಲರೊಬ್ಬರು ಒಪ್ಪಿದ್ದಾರೆ. ತೆಗೆಯುವುದಿದ್ದರೆ ತೆಗೆಯಲಿ, ಆದರೆ ತೆಗೆದವರು ಹೆಸರು ಹೇಳಿ, ಕಾರಣ ಹೇಳಿ, ನಮ್ಮ ಮಾತು ಕೇಳಿ ತೆಗೆಯಲಿ ಎಂದಷ್ಟೇ ಕೇಳುತ್ತೇವೆ. ನಾನು ಸಹಿ ಮಾಡಿದ್ದೇನೆ, ಚಿಕ್ಕಿ ಹೆಬ್ಬೆಟ್ಟು ಒತ್ತಿದ್ದಾಳೆ. ವಿಡಿಯೊ ಹಾಕಿದ ಖಾತೆ ನಿನ್ನ ಹೆಸರಿನಲ್ಲಿರುವುದರಿಂದ ನಿನ್ನ ಸಹಿಯಿಲ್ಲದೆ ಅರ್ಜಿಗೆ ಬಲವಿಲ್ಲವಂತೆ. ವಕಾಲತ್ತಿನ ಕಾಗದ ಗೋಡಂಬಿ ಪೊಟ್ಟಣದ ಅಡಿಯಲ್ಲಿದೆ. ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ನೀನೇ ಹೋಗಿ ಮುದ್ರೆ ಹಾಕಿಸಬೇಕು. ಮುಂದಿನ ವರ್ಷ ನಿನ್ನ ಪಾಸ್‌ಪೋರ್ಟು ಹೊಸದು ಮಾಡಿಸುವುದಿದೆ, ಅದಕ್ಕೆ ತೊಡಕಾದರೂ ಆಗಬಹುದು ಎಂದು ವಕೀಲರು ಮುಚ್ಚಿಡದೆ ಹೇಳಿದ್ದಾರೆ. ಮಾಡುತ್ತೀಯೋ ಬಿಡುತ್ತೀಯೋ ಎಂದು ನಾನು ಫೋನಿನಲ್ಲಿ ಕೇಳುವುದಿಲ್ಲ, ನೀನೂ ಹೇಳಬೇಡ. ಮಾಡದಿದ್ದರೂ ನೀನು ನನ್ನ ತಮ್ಮನೇ.