ಒಂಬತ್ತನೇ ನಂಬರಿನ ಕಸ

ಸೋಮವಾರ, 18 ಜನವರಿ 1988

ಎಂಟೂಕಾಲಿಗೆ ಫ್ಯಾಕ್ಟರಿಗೆ ಬಂದೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ... ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಹಾಕಿರುತ್ತೇನೆ.

ನಾನು ಬರೆದ ಅನಲೈಜರ್ ಪ್ರೋಗ್ರಾಂ ಇಪ್ಪತ್ತು ನಿಮಿಷ ನಿಲ್ಲದೆ ಓಡಿತು. ಫ್ಯಾಕ್ಟರಿಯ ಕಂಪ್ಯೂಟರುಗಳ ನಡುವಿನ ಕೇಬಲ್ಲಿನಲ್ಲಿ ಹೋಗುವ ಪ್ರತಿ ಸಂದೇಶದ ಪ್ಯಾಕೆಟ್ಟನ್ನೂ ಹಿಡಿದು, ಯಾವ ಟರ್ಮಿನಲ್ಲಿನಿಂದ ಯಾವುದಕ್ಕೆ, ಒಳಗೇನಿದೆ ಎಂದು ಬಿಡಿಸಿ ತೋರಿಸುತ್ತದೆ. ಸ್ಟೋರ್ಸು, ಗೇಟು, ಎಲ್ಲರ ಮಾತೂ ನನ್ನ ಪರದೆ ಮೇಲೆ.

ಇಂಜಿನಿಯರ್ ಗೋಪಾಲಪ್ಪನವರು ಹಿಂದೆ ಬಂದು ನಿಂತರು. "ಪೋಸ್ಟ್‌ಮ್ಯಾನ್ ಆಗ್ಬುಟ್ಟೆ ಕಣಯ್ಯಾ ಮುತ್ತರಾಯಪ್ಪ. ಕವರ್ ಒಡ್ದು ಓದೋ ಪೋಸ್ಟ್‌ಮ್ಯಾನ್." ನಕ್ಕೆ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ವೈರಿಂಗಿಗೆ ಸೇರಿದವನು. ಒಂದು ತಪ್ಪು ಸಿಕ್ಕರೆ ಮತ್ತೆ ವೈರಿಂಗಿಗೇ.

ಹೆಂಡತಿ ಶ್ಯಾಮಲ ಗುಮ್ಮಳಾಪುರಕ್ಕೆ, ತವರಿಗೆ ಹೋಗಿ ಎಂಟು ದಿನ. "ನಿಮ್ ಹೆದ್ರಿಕೆ ಜತೆ ಸಂಸಾರ ಮಾಡಕ್ಕಾಗಲ್ಲ. ಯೋಚ್ನೆ ಮಾಡಿ ಫ್ಯಾಕ್ಟರಿಗೆ ಫೋನ್ ಮಾಡ್ತೀನಿ. ಅಲ್ಲೀಗಂಟ ಬರಬ್ಯಾಡಿ" ಅಂದಿದ್ದಳು.

ಗುರುವಾರ, 21

ನನ್ನ ಟರ್ಮಿನಲ್ ಒಂಬತ್ತು. ಅದರಲ್ಲಿ ಈಗ ಅನಲೈಜರ್ ತೋರಿಸಿದ್ದು ಬಿಟ್ಟರೆ ಬೇರೇನೂ ಕಾಣದು. ಪ್ರೋಗ್ರಾಂ ಪರೀಕ್ಷಿಸಲು ಆ ಒಂಬತ್ತಕ್ಕೆ ನಾನೇ ಟೆಸ್ಟ್ ಪ್ಯಾಕೆಟ್ ಕಳಿಸಿಕೊಳ್ಳುತ್ತೇನೆ. ಅರ್ಧ ತಪ್ಪಿರುತ್ತವೆ. ಗೋಪಾಲಪ್ಪನವರು ರಿಪೋರ್ಟಿನಲ್ಲಿ ನೋಡಿಬಿಟ್ಟರೆ... ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಒಂಬತ್ತಕ್ಕೆ ಬರುವುದೆಲ್ಲ ಕಸ, ತೋರಿಸಬೇಡ, ಎಣಿಸಿ ಫ್ಲಾಪಿಗೆ ಹಾಕು. ರಿಪೋರ್ಟು ಚೊಕ್ಕವಾಯಿತು.

ಸೋಮವಾರ, 25

ಫೋನ್ ಬೋರ್ಡಿನ ಕಮಲಮ್ಮ ಈಗ ಯಾರ ಹತ್ತಿರವೂ ನಡೆದು ಬರುವುದಿಲ್ಲ. ಫೋನ್ ಬಂದರೆ ಅವರವರ ಟರ್ಮಿನಲ್ಲಿಗೆ ಟೈಪ್ ಮಾಡಿ ಕಳಿಸುತ್ತಾರೆ. ದಿನವೆಲ್ಲ ಅದನ್ನೇ ನೋಡುತ್ತ ಕುಳಿತೆ. ಸ್ಟೋರ್ಸಿನವರ ಮಗುವಿಗೆ ಜ್ವರ. ಪೇಂಟ್ ಶಾಪಿನವರ ಭಾವ ಬಂದಿದ್ದಾರೆ. ನನ್ನ ಹೆಸರಿನಲ್ಲಿ ಒಂದೂ ಇಲ್ಲ.

ಹೋಗಿ ಕೇಳಲೇ? ಬೇಡ. ಹೆಂಡತಿ ಬಿಟ್ಟುಹೋದಳೆಂದು ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ.

ಶುಕ್ರವಾರ, 29

ಕಸದ ಲೆಕ್ಕ ನಾನು ಕಳಿಸಿ ಬರೆದಿಟ್ಟ ಟೆಸ್ಟಿಗಿಂತ ಎರಡು ಹೆಚ್ಚು. ಎಣಿಸುವುದರಲ್ಲಿ ತಪ್ಪಿರಬೇಕು. ಸಂಜೆ ಐದೂವರೆಗೆ ಹೊಸೂರು ಬಸ್‌ಸ್ಟ್ಯಾಂಡ್ ಮುಂದೆಯೇ ಹಾದು ಹೋದೆ. ಕಾಫಿ ಕುಡಿಯೋಣವೆನ್ನಿಸಿತ್ತು. ಬೀಗದ ಯೋಚನೆ ಬಂತು, ನಿಲ್ಲಲಿಲ್ಲ.

ಒಬ್ಬನಿಗೆ ಒಂದು ಮುದ್ದೆ. ಅದೂ ಉಳಿಯಿತು.

ಶುಕ್ರವಾರ, 5 ಫೆಬ್ರವರಿ

ಎರಡು ದಿನ ಜ್ವರ, ರಜೆ. ಪ್ರೋಗ್ರಾಂ ತನ್ನಷ್ಟಕ್ಕೆ ಓಡುತ್ತಿತ್ತು. ನಾನು ಟೆಸ್ಟ್ ಕಳಿಸಿಲ್ಲ. ಆದರೂ ನಿನ್ನೆಯ ತಾರೀಕಿಗೆ ಒಂದು ಕಸ.

ಫ್ಲಾಪಿ ತೆಗೆದು ಬಿಡಿಸಿದೆ. ಬರೀ ನಂಬರು. ಯಾವ ನಂಬರಿಗೆ ಯಾವ ಅಕ್ಷರ ಎನ್ನುವ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಬರೆದೆ. ಮೊದಲು ಬಂದದ್ದು ನನ್ನ ಹೆಸರು.

ಹಿಂದಿನವನ್ನೂ ಬಿಡಿಸಿದೆ.

25ಕ್ಕೆ: ಮನೆಯವರ ಫೋನ್. ಶುಕ್ರವಾರ ಸಂಜೆ ಐದಕ್ಕೆ ಹೊಸೂರು ಬಸ್‌ಸ್ಟ್ಯಾಂಡಿಗೆ ಬರ್ತಾರಂತೆ. ಕರ್ಕೊಂಡು ಹೋಗ್ಬೇಕಂತೆ.

27ಕ್ಕೆ: ಮರೀಬ್ಯಾಡಿ ಅಂದ್ರು.

ನಿನ್ನೆಯದು: ಆ ಶುಕ್ರವಾರ ಏಳೂವರೆ ತನಕ ಕಾದ್ರಂತೆ. ಇನ್ನು ಬರಲ್ವಂತೆ.

ಕಮಲಮ್ಮನ ಹತ್ತಿರ ಹೋದೆ. ಹೆಡ್‌ಫೋನ್ ತೆಗೆಯದೆಯೇ ಹೇಳಿದರು. "ಮೂರು ಕಳ್ಸಿವ್ನಿ ಕಣಣ್ಣ. ಊರೋರ್ದೆಲ್ಲ ಓದ್ತೀಯ, ನಿಂದು ಓದ್ಲಿಲ್ವಾ?"

ಶನಿವಾರ, 6

ಆ ಎರಡು ಸಾಲು ಅಳಿಸಿದೆ. ನನ್ನ ತಪ್ಪೆಲ್ಲ ರಿಪೋರ್ಟಿನಲ್ಲಿ ಬಂತು, ಒಂದೂವರೆ ಪುಟ. ಗೋಪಾಲಪ್ಪನವರು ಓದಿದರು. ನಾನು ನಿಂತೇ ಇದ್ದೆ. "ಟೆಸ್ಟ್ ಅಂದ್ರೆ ಇಷ್ಟಾದ್ರೂ ತಪ್ಪಿರ್ಬೇಕಲ್ಲಯ್ಯಾ. ಟೀ ಕುಡ್ದಾ?"

ಅಷ್ಟೇ. ಇಷ್ಟಕ್ಕೆ ಹೆದರಿದ್ದೆ.

ಭಾನುವಾರ, 7. ಬೆಳಿಗ್ಗೆ ಆರೂವರೆ

ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ, ಗುಮ್ಮಳಾಪುರದ ಬಸ್ಸು. ಇನ್ನೂ ಹೊರಟಿಲ್ಲ. ಬೀಗ ಹಾಕಿದ್ದು ನೆನಪಿಲ್ಲ. ವಾಪಸು ಹೋಗಿ ನೋಡಲಿಲ್ಲ.

ಅವಳು ಕಾದದ್ದು ಈ ಕಲ್ಲುಬೆಂಚಿನ ಮೇಲೋ, ಆ ಹೂವಿನ ಅಂಗಡಿ ಹತ್ತಿರವೋ...

ಏನು ಹೇಳಲಿ. ಪ್ಯಾಕೆಟ್ಟು, ಟರ್ಮಿನಲ್ಲು ಅವಳಿಗೇಕೆ. ಫೋನ್ ಬರಲಿಲ್ಲ ಅಂದರೆ ನಂಬುತ್ತಾಳೆ. ಆದರೆ ಸುಳ್ಳು. ಇರುವುದನ್ನೇ ಹೇಳಬೇಕು. ಶ್ಯಾಮಲ, ನಿನ್ನ ಮಾತು ನನ್ನ ಹತ್ತಿರ ಬಂದಿತ್ತು. ಮೂರು ಸಲವೂ ಬಂದಿತ್ತು. ನಾನೇ ಅದನ್ನು ಕಸ ಅಂದುಬಿಟ್ಟೆ.