ನಂಜು ಇಳಿದ ದಿನ

ಮಂಗಳವಾರ, ೧೨ ನವೆಂಬರ್ ೨೦೨೪

ಹೊಸಾ ಪೈಪಿಗೂ ನಂಜಾದ್ರ ಏನ್ ಮಾಡೂದು ಅನ್ನೂದ ಮನಸಿನ್ಯಾಗ ಕೊರಿಯಾಕ ಹತ್ತೇತಿ.

ಮಗಳು ಜಾಸ್ಮಿನಳ ತಲಿಯೊಳಗಿನ ನೀರು ಹೊಟ್ಟಿಗೆ ಇಳಿಸೋ ಪೈಪಿಗೆ ನಂಜಾಗಿತ್ತು. ಮನ್ಯಾಗ ಎಲ್ಲಾರೂ ಬರೇ ಜ್ವರ ಅಂದಾಗ, ನಾನ ಹಟಾ ಹಿಡದು ನಮ್ಮೂರು ಹೊಂಬಳದಿಂದ ದವಾಖಾನಿಗೆ ಕರ್ಕೊಂಡು ಬಂದೆ. ಪೈಪು ತಗದ್ರು. ಆದ್ರೂ ನಿನ್ನಿತನಕ ಆಕಿ ನನ್ನ ಗುರುತಾ ಹಿಡಿದಿರಲಿಲ್ಲ.

ಇವತ್ತು ಡಾಕ್ಟರ್ ಅಂದ್ರು: "ತಲಿ ನೀರಿನ ಟೆಸ್ಟಿನ್ಯಾಗ ಈಗ ನಂಜಿಲ್ಲ. ನಾಡಿದ್ದ ಹೊಸಾ ಪೈಪು ಹಾಕೋಣ."

"ಮತ್ತ ನಂಜಾದ್ರರೀ?" ಅಂದೆ.

"ಆಗಬಹುದು. ಆದ್ರ ಜ್ವರಾ ಬಂದ್ರ ನೀವು ಸುಮ್ನ ಕುಂಡ್ರಂಗಿಲ್ಲಲ್ಲ, ಅದ ನಮಗ ಧೈರ್ಯ."

ಸಂಜಿಮುಂದ ಜಾಸ್ಮಿನಳ ಅಪ್ಪ ಗಂಜಿ ಕುಡಿಸಾಕ ಹೋದ್ರ, ಮಾರಿ ತಿರುವಿ, "ಬ್ಯಾಡ! ಅಮ್ಮಿ, ರೊಟ್ಟಿ ಕೊಡು" ಅಂದ್ಲು. ನನ್ನ ಗುರುತಾ ಹಿಡದು ಅಮ್ಮಿ ಅಂದ್ಲು! ಅವರು ಚಮಚಾ ಹಿಡಕೊಂಡ ಅತ್ರು, ನಾನು ನಕ್ಕೆ.

ಈಗ ಹಣಿ ಮುಟ್ಟಿದೆ, ತಣ್ಣಗೈತಿ. ಮೆತ್ತನ ರೊಟ್ಟಿ ಎಲ್ಲಿ ಸಿಗ್ತಾವೋ, ಮುಂಜಾನೆ ಎದ್ದು ಹುಡುಕಬೇಕು.